ಡ್ಯಾಶ್‌ಬೋರ್ಡಿಗೆ ಹೊಸ ಹೊದಿಕೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಾರಿನ ಒಳಮೈಗೆ ಮನೆಯಲ್ಲೇ ರೆಕ್ಸಿನ್ ಹೊದಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಏರ್‌ಬ್ಯಾಗಿನ ಪ್ರಶ್ನೆಯನ್ನು ಮೊದಲಿಗಿಟ್ಟಿದ್ದೇವೆ, ಅದರ ಉತ್ತರ ಓದಿದ ಮೇಲೆ ಕೆಲವರು ರೆಕ್ಸಿನ್ ಕೊಳ್ಳುವ ಯೋಚನೆಯನ್ನೇ ಬಿಡಬಹುದು.

ಪ್ರಶ್ನೆ: ಪಕ್ಕದ ಸೀಟಿನ ಎದುರು ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗ್ ಎಂದು ಅಚ್ಚಿದೆ. ಮುಚ್ಚಳದ ಗೆರೆ ಮಾತ್ರ ಎಲ್ಲೂ ಕಾಣುವುದಿಲ್ಲ. ಅದರ ಮೇಲೂ ಹೊದಿಸಬಹುದೇ?

ಬೇಡ. ಗೆರೆ ಕಾಣದಿದ್ದರೂ ಅದು ಇದೆ, ಒಳಬದಿಯಲ್ಲಿದೆ. ಏರ್‌ಬ್ಯಾಗ್ ಉಬ್ಬಿದಾಗ ಸರಿಯಾಗಿ ಎಲ್ಲಿ ಹರಿಯಬೇಕೋ ಅಲ್ಲಿ ಮೇಲ್ಪದರವನ್ನು ಕಾರ್ಖಾನೆಯಲ್ಲೇ ಹಿಂಬದಿಯಿಂದ ಕೊರೆದು ತೆಳ್ಳಗೆ ಮಾಡಿರುತ್ತಾರೆ. ಚೀಲ ಹೊರಬಂದು ತುಂಬಿಕೊಳ್ಳಲು ಸಿಗುವ ಸಮಯ ಹೆಚ್ಚೂಕಡಿಮೆ 0.05 ಸೆಕೆಂಡ್. ರೆಕ್ಸಿನ್ನಿನ ಬೆನ್ನಿಗಿರುವ ಹೆಣೆದ ಬಟ್ಟೆ ಸುಲಭಕ್ಕೆ ಹರಿಯುವ ವಸ್ತುವಲ್ಲ. ಅದು ಹರಿಯಲು ತಡವಾದರೆ ಚೀಲ ಅಡ್ಡದಿಡ್ಡಿಯಾಗಿ ಹೊರಬರುತ್ತದೆ, ಇಲ್ಲವೇ ಮುಚ್ಚಳವೇ ಕಿತ್ತು ಮುಖಕ್ಕೆ ಹಾರುತ್ತದೆ. ಹೊಸ ರೆಕ್ಸಿನ್ನಿನ ಹಿಂಬದಿಗೆ ನಾವೇ ಬ್ಲೇಡಿನಿಂದ ಗೀರಿಕೊಂಡರೆ ಸಾಲದೇ ಎಂದು ಹಲವರು ಕೇಳಿದ್ದಾರೆ. ಸಾಲದು. ಎಷ್ಟು ಆಳ ಗೀರಿದಿರಿ ಎಂದು ಅಳೆಯುವ ದಾರಿ ನಿಮ್ಮಲ್ಲಿಲ್ಲ, ಗೀರಿನೊಳಗೆ ಅಂಟು ತುಂಬಿಕೊಂಡರಂತೂ ಗೀರಿದ್ದೂ ವ್ಯರ್ಥ.

ಮುಚ್ಚಳ ಬೇರೆಯಾಗಿ ಕಾಣುವ ಕಾರುಗಳಲ್ಲಿ ಮುಚ್ಚಳವನ್ನು ಹಾಗೇ ಬಿಟ್ಟು ಸುತ್ತಲೂ ಹೊದಿಸಬಹುದು. ಅಂಚು ಮುಚ್ಚಳದ ಸಂದಿಯೊಳಗೆ ಮಡಚಿಕೊಂಡು ಅದನ್ನು ಬಿಗಿ ಹಿಡಿಯಬಾರದು, ಅಷ್ಟೇ. ನಿಮ್ಮದರಂತೆ ಗೆರೆ ಕಾಣದ ಮಾದರಿಯಲ್ಲಿ ಮೇಲ್ಭಾಗವನ್ನು ಪೂರ್ತಿ ಕೈಬಿಡಿ. ಕೆಳಗಿನ ಪಟ್ಟಿ, ಗೇರ್ ಸುತ್ತಲಿನ ಭಾಗ, ಡೋರ್ ಪ್ಯಾಡಿನ ನಡುವಿನ ತುಂಡು ಇವುಗಳಿಗೆ ಹೊದಿಸಿದರೂ ಒಳಮೈಯ ನೋಟ ಬದಲಾಗುತ್ತದೆ. ಸ್ಟಿಯರಿಂಗಿನ ನಡುಭಾಗ, ಗಾಜುಗಳ ಪಕ್ಕದ ಕಂಬಗಳಲ್ಲಿ ಏರ್‌ಬ್ಯಾಗ್ ಗುರುತಿರುವ ಪ್ಲಾಸ್ಟಿಕ್, ಸೀಟಿನ ಬಾಗಿಲ ಕಡೆಯ ಅಂಚು, ಕೆಲವು ಕಾರುಗಳಲ್ಲಿ ಮೊಣಕಾಲಿನ ಎದುರಿನ ಪಟ್ಟಿ, ಇವೆಲ್ಲವೂ ಏರ್‌ಬ್ಯಾಗಿನ ಲೆಕ್ಕಕ್ಕೇ ಸೇರುತ್ತವೆ, ಇವಕ್ಕೂ ಹೊದಿಸಬೇಡಿ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಕೈಪಿಡಿ ಕೈಲಿಲ್ಲದಿದ್ದರೆ 10 ನಿಮಿಷಕ್ಕೆ ಕಡಿಮೆ ಬೇಡ, ಕಂಟ್ರೋಲ್ ಪೆಟ್ಟಿಗೆಯಲ್ಲಿ ಉಳಿದ ವಿದ್ಯುತ್ತು ಇಳಿಯಲು ಅಷ್ಟು ಹೊತ್ತು ಬೇಕು. ಹಳದಿ ಕನೆಕ್ಟರ್ ಎಂದರೆ ಏರ್‌ಬ್ಯಾಗಿನದು. ಅದಕ್ಕೆ ಮಲ್ಟಿಮೀಟರ್ ತಾಗಿಸಬೇಡಿ, ಅದು ಬಿಚ್ಚಿರುವಾಗ ಇಗ್ನಿಷನ್ ಹಾಕಬೇಡಿ. ಹಳದಿ ಕನೆಕ್ಟರ್ ಬಿಚ್ಚದೇ ಡ್ಯಾಶ್‌ಬೋರ್ಡ್ ಹೊರಬರುವುದಿಲ್ಲ ಎಂದಾದರೆ, ಬಿಚ್ಚಿ ಜೋಡಿಸುವ ಕೆಲಸವನ್ನಷ್ಟೇ ಮೆಕ್ಯಾನಿಕ್‌ಗೆ ಬಿಟ್ಟು ಹೊದಿಸುವುದನ್ನು ನೀವು ಇಟ್ಟುಕೊಳ್ಳಿ.

ಪ್ರಶ್ನೆ: ಸೋಫಾಕ್ಕೆ ಹಾಕಿಸಿ ಉಳಿದ ರೆಕ್ಸಿನ್ ಇದೆ. ಅದೇ ನಡೆಯುತ್ತದೆಯೇ? ಹೊಸದು ಕೊಂಡರೆ ಎಷ್ಟು ಮೀಟರ್ ಬೇಕು?

ಸೋಫಾದ ರೆಕ್ಸಿನ್ನಿಗೆ ಹೆಚ್ಚಾಗಿ ನೇಯ್ದ ಬಟ್ಟೆಯ ಬೆನ್ನಿರುತ್ತದೆ. ಅದು ಹಿಗ್ಗುವುದಿಲ್ಲ. ಚಪ್ಪಟೆ ತುಂಡಿಗೆ ಹೇಗೋ ಕೂರುತ್ತದೆ, ಡ್ಯಾಶ್‌ಬೋರ್ಡಿನ ಉಬ್ಬು ತಗ್ಗಿಗೆ ಕೂರುವುದಿಲ್ಲ. ನಿಮಗೆ ಬೇಕಾದದ್ದು ಹೆಣೆದ ಬೆನ್ನಿನ, 1 ಮಿಲಿಮೀಟರ್ ಆಸುಪಾಸಿನ ದಪ್ಪದ, ಉದ್ದಕ್ಕೂ ಅಡ್ಡಕ್ಕೂ ಹಿಗ್ಗುವ, ಕಾರಿಗೆಂದೇ ಮಾಡಿದ ರೆಕ್ಸಿನ್. ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಎಳೆದು ನೋಡಿ. ಒಂದು ದಿಕ್ಕಿಗೆ ಕಲ್ಲಿನಂತೆ ನಿಂತರೆ ಬಿಟ್ಟುಬಿಡಿ.

ಕಾರಿನದ್ದೇ ಯಾಕೆ ಎಂಬುದಕ್ಕೆ ಇನ್ನೊಂದು ಕಾರಣವಿದೆ. ರೆಕ್ಸಿನ್ ಮೆತ್ತಗಿರಲು ಅದರಲ್ಲಿ ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಅಗ್ಗದ ಮಾಲಿನಲ್ಲಿ ಅದು ಬಿಸಿಲಿಗೆ ಆವಿಯಾಗಿ ಮುಂಗಾಜಿನ ಒಳಮೈಗೆ ಜಿಡ್ಡಿನ ಮಂಜಾಗಿ ಕೂರುತ್ತದೆ, ರೆಕ್ಸಿನ್ ಬಿರುಸಾಗಿ ಸೀಳುತ್ತದೆ. ಕಾರಿನ ಮಾಲಿಗೆ ಈ ಮಂಜಿನ ಪರೀಕ್ಷೆಯೂ ಬೆಂಕಿ ಹರಡುವ ವೇಗದ ಪರೀಕ್ಷೆಯೂ ಇವೆ. ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 302 ನಿಯಮದಲ್ಲಿ ಒಳಮೈಯ ವಸ್ತು ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಉರಿಯಬಾರದು. ಸೋಫಾದ ರೆಕ್ಸಿನ್ನನ್ನು ಈ ಲೆಕ್ಕದಲ್ಲಿ ಯಾರೂ ಪರೀಕ್ಷಿಸಿರುವುದಿಲ್ಲ.

ಸುರುಳಿಯ ಅಗಲ ಸಾಮಾನ್ಯವಾಗಿ 137 ಸೆಂಟಿಮೀಟರ್. ಸಣ್ಣ ಕಾರಿನ ಡ್ಯಾಶ್‌ಬೋರ್ಡೇ ಹತ್ತಿರ ಹತ್ತಿರ ಅಷ್ಟಿರುವುದರಿಂದ, ಸುತ್ತಲೂ ಬಿಡಬೇಕಾದ 5ರಿಂದ 7 ಸೆಂಟಿಮೀಟರ್ ಸೇರಿದರೆ ಅಡ್ಡಕ್ಕೆ ಸಾಲುವುದಿಲ್ಲ. ಸುರುಳಿಯ ಉದ್ದಕ್ಕೇ ಕತ್ತರಿಸಿಕೊಳ್ಳಿ. ಡ್ಯಾಶ್‌ಬೋರ್ಡಿಗೆ 2 ಮೀಟರ್, ನಾಲ್ಕು ಬಾಗಿಲಿನ ನಡುತುಂಡುಗಳಿಗೆ ಇನ್ನೊಂದು ಮೀಟರ್, ಕೆಟ್ಟುಹೋಗುವ ಒಂದು ತುಂಡಿಗೆಂದು ಅರ್ಧ ಮೀಟರ್ ಹೆಚ್ಚಿಗೆ. ಈ ಅರ್ಧ ಮೀಟರನ್ನು ಮೊದಲೇ ಕೊಳ್ಳಬೇಕು. ಆಮೇಲೆ ಹೋದರೆ ಅದೇ ಬಣ್ಣದ ಬೇರೆ ಸುರುಳಿ ಸಿಗುತ್ತದೆ, ಪಕ್ಕಪಕ್ಕ ಇಟ್ಟಾಗ ಛಾಯೆಯ ವ್ಯತ್ಯಾಸ ಗೊತ್ತಾಗುತ್ತದೆ. ಪ್ಲಾಸ್ಟಿಕ್, ರೆಕ್ಸಿನ್ ಎರಡೂ ಮೈಗೆ ಬಳಿಯುವ ಲೆಕ್ಕದಲ್ಲಿ ಅಂಟು 1 ಲೀಟರ್.

ಅಸಲಿ ಚರ್ಮ ಮೊದಲ ಪ್ರಯತ್ನಕ್ಕೆ ಬೇಡ. ಮುಂಗಾಜಿನ ಕೆಳಗಿನ ಬಿಸಿಗೆ ಅದು ಕುಗ್ಗಿ ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ. ಅಲ್ಕಾಂತರಾ ಬಗೆಯ ಮೈಕ್ರೋಫೈಬರ್ ಬಟ್ಟೆ ತಗ್ಗುಗಳಿಗೆ ಚೆನ್ನಾಗಿ ಕೂರುತ್ತದೆ. ಆದರೆ ಅಂಟು ಜಾಸ್ತಿಯಾದರೆ ಮುಖಕ್ಕೆ ಒಸರಿ ಕಲೆಯಾಗುತ್ತದೆ. ಜೂಲಿನ ದಿಕ್ಕು ಎಲ್ಲ ತುಂಡುಗಳಲ್ಲೂ ಒಂದೇ ಇರಬೇಕು, ಇಲ್ಲವಾದರೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ.

ಪ್ರಶ್ನೆ: ಡೋರ್ ಪ್ಯಾಡಿಗೆ ಅಂಟಿಸಿದ ರೆಕ್ಸಿನ್ ಹಾಳೆಯಂತೆ ಪೂರ್ತಿ ಬಿಚ್ಚಿಕೊಂಡಿತು. ಅಂಟು ಅಷ್ಟೂ ರೆಕ್ಸಿನ್ನಿನ ಮೇಲೇ ಉಳಿದಿದೆ, ಪ್ಲಾಸ್ಟಿಕ್ ಹೊಸದರಂತೆ ಶುಭ್ರವಾಗಿದೆ. ಅಂಟು ಕಲಬೆರಕೆಯೇ?

ಅಂಟಿನದಲ್ಲ ತಪ್ಪು. ಪ್ಲಾಸ್ಟಿಕ್ ಶುಭ್ರವಾಗಿ ಉಳಿದಿದೆ ಎಂದರೆ ಅಂಟು ಅದನ್ನು ಹಿಡಿದೇ ಇರಲಿಲ್ಲ. ಪ್ಯಾಡಿನ ಹಿಂಬದಿಯಲ್ಲಿ ಎರಡು ಬಾಣದ ಗುರುತಿನ ನಡುವೆ ಅಕ್ಷರಗಳ ಅಚ್ಚಿರುತ್ತದೆ, ಹುಡುಕಿ. ಅದು ಪ್ಲಾಸ್ಟಿಕ್ಕಿನ ಬಗೆಯ ಹೆಸರು. ಎಬಿಎಸ್ ಅಥವಾ ಪಿಸಿ ಎಬಿಎಸ್ ಎಂದಿದ್ದರೆ ಅಂಟು ಸಲೀಸಾಗಿ ಹಿಡಿಯುತ್ತದೆ. ಪಿಪಿ ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಪಕ್ಕದಲ್ಲಿ ಟಿ20 ಎಂದೂ ಇದ್ದರೆ ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಬೆರೆಸಿದ್ದಾರೆ ಎಂದು ಅರ್ಥ. ಪಾಲಿಪ್ರೊಪಿಲೀನ್ ಮೈ ಮೇಣದಂಥದ್ದು. ಅದರ ಮೇಲೆ ನೀರಿನ ಹನಿ ಹರಡದೆ ಗುಂಡಗೆ ನಿಲ್ಲುವ ಹಾಗೆಯೇ ಅಂಟೂ ಹರಡದೆ ನಿಲ್ಲುತ್ತದೆ.

ಪರಿಹಾರ ಎರಡು ಹಂತದ್ದು. 180 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಿ, ಧೂಳು ಒರೆಸಿ, ಪಾಲಿಪ್ರೊಪಿಲೀನ್‌ಗೆಂದೇ ಬರುವ ಪ್ರೈಮರ್ ತೆಳ್ಳಗೆ ಹೊಡೆಯಿರಿ. ಕಾರಿನ ಬಂಪರಿಗೆ ಬಣ್ಣ ಹೊಡೆಯುವವರು ಬಳಸುವ ಅಡ್ಹೀಷನ್ ಪ್ರಮೋಟರ್ ಇದೇ. ಡಬ್ಬಿಯ ಮೇಲೆ ಹೇಳಿದ ಹೊತ್ತಿನೊಳಗೆ ಅಂಟು ಬೀಳಬೇಕು, ಮರುದಿನಕ್ಕೆ ಬಿಟ್ಟರೆ ಪ್ರೈಮರಿನ ಗುಣ ಹೋಗುತ್ತದೆ.

ಇನ್ನೊಂದು ಅನುಮಾನ ಡ್ಯಾಶ್‌ಬೋರ್ಡ್ ಪಾಲಿಶ್ ಮೇಲೆ. ಹೊಳಪಿಗೆಂದು ವರ್ಷಗಟ್ಟಲೆ ಸಿಲಿಕೋನ್ ಪಾಲಿಶ್ ಹಚ್ಚಿದ ಪ್ಲಾಸ್ಟಿಕ್ ಮೇಲೆ ಯಾವ ಅಂಟೂ ನಿಲ್ಲದು. ಅದನ್ನು ತೆಗೆಯದೆ ಸ್ಯಾಂಡ್‌ಪೇಪರ್ ಹಾಕಿದರೆ ಸಿಲಿಕೋನ್ ಗೀರುಗಳ ಒಳಕ್ಕೇ ಇಳಿಯುತ್ತದೆ. ಹಾಗಾಗಿ ಮೊದಲು ಪಾತ್ರೆ ತೊಳೆಯುವ ಸೋಪಿನ ಬಿಸಿನೀರು, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲು, ಆಮೇಲಷ್ಟೇ ಉಜ್ಜುವುದು. ಉಜ್ಜಿದ ಮೇಲೆ ಮತ್ತೊಮ್ಮೆ ಆಲ್ಕೋಹಾಲ್. ಅಸಿಟೋನ್ ಬೇಡ, ಎಬಿಎಸ್ ಅನ್ನು ಕರಗಿಸುತ್ತದೆ.

ಪ್ರಶ್ನೆ: ಹೊದಿಸಿದ ದಿನ ಬಹಳ ಚೆನ್ನಾಗಿತ್ತು. ಮೂರು ತಿಂಗಳಿಗೆ ಮೀಟರಿನ ಮುಂದಿನ ತಗ್ಗಿನಲ್ಲಿ ರೆಕ್ಸಿನ್ ಮೇಲೆದ್ದು ಡೇರೆಯಂತೆ ನಿಂತಿದೆ. ಒತ್ತಿದರೆ ಕೂರುತ್ತದೆ, ಮಧ್ಯಾಹ್ನಕ್ಕೆ ಮತ್ತೆ ಏಳುತ್ತದೆ.

ಈ ಅಂಕಣಕ್ಕೆ ಅತಿ ಹೆಚ್ಚು ಬಂದ ಪ್ರಶ್ನೆ ಇದೇ, ಆದ್ದರಿಂದ ಉತ್ತರ ಉದ್ದವಾಗುತ್ತದೆ.

ನೀವು ಎರಡು ಕಡೆಯ ಉಬ್ಬುಗಳಿಗೆ ಮೊದಲು ಅಂಟಿಸಿ, ನಡುವಿನ ತಗ್ಗಿಗೆ ರೆಕ್ಸಿನ್ನನ್ನು ಬಿಸಿ ಮಾಡಿ ಒತ್ತಿದ್ದೀರಿ. ಹಾಗೆ ಒತ್ತಿದಾಗ ರೆಕ್ಸಿನ್ ಹಿಗ್ಗಿತು, ತಣ್ಣಗಾದ ಮೇಲೆ ಹಿಗ್ಗಿದಂತೆಯೇ ನಿಂತಿತು. ಆದರೆ ಅದು ತನ್ನ ಮೊದಲಿನ ಅಳತೆಯನ್ನು ಮರೆತಿರುವುದಿಲ್ಲ. ಕಾರು ಬಿಸಿಲಲ್ಲಿ ನಿಂತು ಗಾಜು ಮುಚ್ಚಿದ್ದರೆ ಡ್ಯಾಶ್‌ಬೋರ್ಡಿನ ಮೇಲ್ಮೈ 80 ಡಿಗ್ರಿ ಮುಟ್ಟುವುದುಂಟು. ಆ ಬಿಸಿಗೆ ರೆಕ್ಸಿನ್ ಹಿಂದಕ್ಕೆ ಕುಗ್ಗಲು ಎಳೆಯುತ್ತದೆ, ಅದೇ ಹೊತ್ತಿಗೆ ಸಾಮಾನ್ಯ ಅಂಟು ಮೆತ್ತಗಾಗುತ್ತದೆ. ಎಳೆಯುವವನಿಗೆ ಬಲ ಬಂದಾಗಲೇ ಹಿಡಿದವನ ಕೈ ಸಡಿಲವಾದಂತೆ. ಉಬ್ಬಿನ ಮೇಲೆ ಇದರಿಂದ ತೊಂದರೆಯಿಲ್ಲ, ಕುಗ್ಗುವ ರೆಕ್ಸಿನ್ ಅಲ್ಲಿ ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ತಗ್ಗಿನಲ್ಲಿ ಮಾತ್ರ ಕುಗ್ಗುವುದೆಂದರೆ ಮೇಲೇಳುವುದು.

ಆದ್ದರಿಂದ ಅಂಟಿಸುವುದು ತಗ್ಗಿನಿಂದಲೇ ಶುರುವಾಗಬೇಕು. ಪ್ಲಾಸ್ಟಿಕ್ ಮೇಲೂ ರೆಕ್ಸಿನ್ನಿನ ಹಿಂಬದಿಯಲ್ಲೂ ಸೀಮೆಸುಣ್ಣದಲ್ಲಿ ನಡುಗೆರೆ ಎಳೆದುಕೊಳ್ಳಿ. ಎರಡೂ ಗೆರೆ ಕೂಡುವಂತೆ ಹಿಡಿದು ತಗ್ಗಿನ ಅತಿ ಆಳದ ರೇಖೆಗೆ ರೆಕ್ಸಿನ್ನನ್ನು ಎಳೆಯದೆ, ಸಡಿಲವಾಗಿ ಇಳಿಬಿಡಿ. ಮೊಂಡು ತುದಿಯ ಮರದ ಪಟ್ಟಿಯಿಂದ ಆ ರೇಖೆಯುದ್ದಕ್ಕೂ ಒತ್ತುತ್ತಾ ಹೋಗಿ. ಅದು ಕೂತ ಮೇಲೆ ತಗ್ಗಿನ ಗೋಡೆಗಳು, ಕೊನೆಗೆ ಉಬ್ಬುಗಳು. ಹಿಗ್ಗಿಸಬೇಕಾದ ಹಿಗ್ಗೆಲ್ಲ ಉಬ್ಬಿನ ಆಚೆ, ಅಂಚು ಮಡಚುವ ಕಡೆ ಬೀಳಲಿ.

ತಗ್ಗು ಒಂದೇ ದಿಕ್ಕಿಗಿದ್ದರೆ ಇಷ್ಟು ಸಾಕು. ಬಟ್ಟಲಿನಂತೆ ಎರಡೂ ದಿಕ್ಕಿಗೆ ತಗ್ಗಿ, ಬೆರಳೊಂದು ಮುಳುಗುವಷ್ಟು ಆಳವಿದ್ದರೆ ಒಂದೇ ತುಂಡು ಕೂರದು, ಯಾವ ಅಂಟು ತಂದರೂ ಅಷ್ಟೇ. ಅಲ್ಲಿ ಎರಡು ತುಂಡು ಮಾಡಿ, ಹೊಲಿಗೆಯೇ ತಗ್ಗಿನ ಗೆರೆಯಲ್ಲಿ ಕೂರುವಂತೆ ಯೋಜಿಸಿ. ಕಾರ್ಖಾನೆಯಿಂದ ಬರುವ ಹೊಲಿಗೆಯ ಡ್ಯಾಶ್‌ಬೋರ್ಡುಗಳನ್ನು ಗಮನಿಸಿ, ಹೊಲಿಗೆ ಹೆಚ್ಚಾಗಿ ಆಕಾರ ತಿರುಗುವಲ್ಲೇ ಇರುತ್ತದೆ.

ಅಂಟಿನ ಡಬ್ಬಿಯ ಮೇಲೆ ತಾಪ ತಾಳುವ ಸಂಖ್ಯೆ ಇರುತ್ತದೆ. ಚಪ್ಪಲಿ, ಮರಗೆಲಸಕ್ಕೆ ಬರುವ ಮಾಮೂಲಿ ಕಾಂಟ್ಯಾಕ್ಟ್ ಅಂಟು 60–70 ಡಿಗ್ರಿಗೇ ಸೋಲುತ್ತದೆ. ಡ್ಯಾಶ್‌ಬೋರ್ಡಿಗೆ 100 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದಿರುವ ನಿಯೋಪ್ರಿನ್ ಅಂಟು ಬೇಕು. ಮರಕ್ಕೆ ಹಾಕುವ ಬಿಳಿ ಅಂಟಿನ ಹೆಸರೇ ಎತ್ತಬೇಡಿ.

ಈಗ ಎದ್ದಿರುವುದನ್ನು ಉಳಿಸಿಕೊಳ್ಳುವ ದಾರಿ ನಿಜವಾಗಿ ಇಲ್ಲ. ಸೂಜಿಯಲ್ಲಿ ಸೂಪರ್ ಗ್ಲೂ ತೂರಿಸುವವರಿದ್ದಾರೆ. ಅದು ಕಲ್ಲಾಗಿ ಗಂಟು ಕಟ್ಟುತ್ತದೆ, ಸುತ್ತ ಬಿಳಿ ಬೂದಿ ಬಿಡುತ್ತದೆ, ಬಿಸಿಲಿಗೆ ಸೀಳುತ್ತದೆ. ಬಿಸಿ ಕೊಟ್ಟು ಪೂರ್ತಿ ಕಿತ್ತು, ಹಳೆಯ ಅಂಟನ್ನು ಬೆರಳಲ್ಲಿ ಉಂಡೆ ಮಾಡಿ ಎತ್ತಿ, ಹೊಸ ತುಂಡಿನಿಂದ ಆರಂಭಿಸಿ. ಒಮ್ಮೆ ಹಿಗ್ಗಿದ ಹಳೆಯ ತುಂಡು ಮತ್ತೆ ಕೆಲಸಕ್ಕೆ ಬಾರದು.

ಪ್ರಶ್ನೆ: ಅಂಟು ಬಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು? ನನ್ನದರಲ್ಲಿ ಮರುದಿನ ಗುಳ್ಳೆಗಳೆದ್ದವು.

ಗಡಿಯಾರಕ್ಕಿಂತ ಬೆರಳನ್ನು ನಂಬಿ. ಅಂಟಿನಲ್ಲಿರುವ ದ್ರಾವಕ ಪೂರ್ತಿ ಹಾರಿಹೋಗಬೇಕು, ಸಾಮಾನ್ಯವಾಗಿ 10ರಿಂದ 15 ನಿಮಿಷ. ಬೆರಳ ಗೆಣ್ಣನ್ನು ಮೆಲ್ಲನೆ ತಾಗಿಸಿ ಎತ್ತಿ. ಎಳೆ ಎಳೆಯಾಗಿ ಬಂದರೆ ಇನ್ನೂ ಹಸಿ. ಚರ್ಮವನ್ನು ಕ್ಷಣ ಹಿಡಿದು, ಏನೂ ಅಂಟದೆ ಬಿಟ್ಟರೆ ಹದ ಬಂದಿದೆ. ಕಾಗದದಂತೆ ಪೂರಾ ಒಣಗಿದ್ದರೆ ಹೊತ್ತು ಮೀರಿದೆ, ಇನ್ನೊಂದು ತೆಳು ಲೇಪ ಕೊಡಿ.

ಹಸಿಯಲ್ಲೇ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಬೀಳುತ್ತದೆ. ರೆಕ್ಸಿನ್ ಮೂಲಕ ಅದಕ್ಕೆ ಹೊರದಾರಿಯಿಲ್ಲ, ಬಿಸಿಲು ಬಿದ್ದೊಡನೆ ಆವಿಯಾಗಿ ಎತ್ತುತ್ತದೆ. ನಿಮ್ಮ ಗುಳ್ಳೆಗಳು ಅವೇ. ಹೆಣೆದ ಬೆನ್ನು ಮೊದಲ ಲೇಪವನ್ನು ಕುಡಿದುಬಿಡುವುದರಿಂದ ಅಲ್ಲಿಗೆ ಎರಡು ಲೇಪ ಬೇಕು, ಪ್ಲಾಸ್ಟಿಕ್‌ಗೆ ಒಂದು ಸಮನಾದ ಲೇಪ ಸಾಕು. ಬ್ರಶ್ಶಿನ ಗೆರೆಗಳು ಉಳಿದರೆ 1 ಮಿಲಿಮೀಟರ್ ರೆಕ್ಸಿನ್ನಿನ ಮೇಲೆ ಅಷ್ಟೂ ಎದ್ದು ಕಾಣುತ್ತವೆ. ಆಗುವುದಾದರೆ ಸ್ಪ್ರೇ ಗನ್ ಬಳಸಿ.

ಮಳೆಯ ದಿನ ಈ ಕೆಲಸ ಹಿಡಿಯಬೇಡಿ. ದ್ರಾವಕ ಹಾರುವಾಗ ಅಂಟಿನ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂರುತ್ತದೆ. ಬೆಳ್ಳಗೆ ಮಬ್ಬು ಕಂಡರೆ ಅದೇ. ಮಬ್ಬಿನ ಮೇಲೆ ಒತ್ತಿದ್ದು ಹಿಡಿಯುವುದಿಲ್ಲ.

ಎರಡು ಮೈ ಒಮ್ಮೆ ತಾಗಿದರೆ ಸರಿಸಲು ಬಾರದು. ನಡುವೆ ಬಟರ್ ಪೇಪರ್ ಇಟ್ಟುಕೊಂಡು, ಕೂರಿಸುತ್ತಾ ಹೋದಂತೆ ಅದನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳಿ. ಮತ್ತೆ, ಈ ಅಂಟಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಿಯುತ್ತದೆ, ಬೆಂಕಿ ಹಿಡಿಯುತ್ತದೆ. ಅಂಟು ಹಸಿಯಿರುವಾಗ ಹೀಟ್ ಗನ್ ಹಚ್ಚುವುದೆಂದರೆ ಆವಿಯೊಳಗೆ ಕೆಂಡ ಹಿಡಿದಂತೆ. ಬಾಗಿಲು ಕಿಟಕಿ ತೆರೆದಿರಲಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಪ್ರಶ್ನೆ: ಮೂಲೆಗಳಲ್ಲಿ ನೆರಿಗೆ ಬರುತ್ತದೆ. ತಪ್ಪಿಸುವುದು ಹೇಗೆ?

ಹೊರಮೂಲೆ ಒಳಮೂಲೆ ಎರಡರ ಲೆಕ್ಕವೇ ಬೇರೆ. ಹೊರಮೂಲೆಯಲ್ಲಿ ರೆಕ್ಸಿನ್ ಹೆಚ್ಚಾಗುತ್ತದೆ, ಒಳಮೂಲೆಯಲ್ಲಿ ಸಾಲದೆ ಬರುತ್ತದೆ.

ಹೊರಮೂಲೆಗೆ ಮೊದಲು ಎರಡೂ ಬದಿಯ ನೇರ ಅಂಚುಗಳನ್ನು ಮೂಲೆಯಿಂದ 4 ಸೆಂಟಿಮೀಟರ್ ದೂರದ ತನಕ ಮಡಚಿ ಕೂರಿಸಿ. ಮೂಲೆಯಲ್ಲಿ ಉಳಿದ ಕಿವಿಯನ್ನು ಬಿಸಿ ಮಾಡಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಮೂಲೆಯ ಕರ್ಣದ ದಿಕ್ಕಿಗೆ ಎಳೆದು, ಹಿಂಬದಿಗೆ ಒತ್ತಿ ತಣ್ಣಗಾಗುವ ತನಕ ಹಿಡಿಯಿರಿ. ಮುಖದ ಮೇಲೆ ನೆರಿಗೆ ಉಳಿದಿಲ್ಲ ಎಂದು ನೋಡಿಕೊಂಡ ಮೇಲಷ್ಟೇ ಹಿಂಬದಿಯ ಮಡಿಕೆಗಳಿಗೆ ವಿ ಆಕಾರದ ಕಚ್ಚು ಹಾಕಿ. ಮೊದಲೇ ಕತ್ತರಿಸಿದರೆ ಎಳೆಯಲು ಹಿಡಿತ ಸಿಗುವುದಿಲ್ಲ. ಮೂಲೆ ದುಂಡಾದಷ್ಟೂ ಕಚ್ಚುಗಳು ಹೆಚ್ಚು, ಚಿಕ್ಕವು.

ಒಳಮೂಲೆಗೆ ಒಂದೇ ಸೀಳು, ಮೂಲೆಯ ಬಿಂದುವಿನ ಕಡೆಗೆ. ಅಂಚಿಗೆ 3 ಮಿಲಿಮೀಟರ್ ಉಳಿದಂತೆ ನಿಲ್ಲಿಸಿ. ಬಿಸಿ ಮಾಡಿ ಮಡಚಿದಾಗ ಸೀಳು ತಾನೇ ಒಂದಿಷ್ಟು ತೆರೆದುಕೊಳ್ಳುತ್ತದೆ. ಅಂಚಿನ ತನಕ ಸೀಳಿದವರಿಗೆ ಮುಖದ ಕಡೆಯಿಂದ ಪ್ಲಾಸ್ಟಿಕ್ ಇಣುಕುತ್ತದೆ, ಆಮೇಲೆ ಮುಚ್ಚಲು ದಾರಿಯಿಲ್ಲ. ಕಟ್ಟರಿನ ಬ್ಲೇಡು ಪ್ರತಿ ತುಂಡಿಗೂ ಹೊಸ ತುದಿ ಮುರಿದುಕೊಳ್ಳಿ. ಮೊಂಡು ಬ್ಲೇಡು ಹೆಣೆದ ಬೆನ್ನನ್ನು ಕತ್ತರಿಸದೆ ಎಳೆಯುತ್ತದೆ.

ಹಿಂಬದಿಗೆ 15–20 ಮಿಲಿಮೀಟರ್ ಮಡಿಕೆ ಸಾಕು. ಕ್ಲಿಪ್ ಕೂರುವಲ್ಲಿ, ಸ್ಕ್ರೂ ಬೀಳುವಲ್ಲಿ ಮಡಿಕೆ ಬರದಂತೆ ಕತ್ತರಿಸಿ.

ಪ್ರಶ್ನೆ: ಮನೆಯ ಹೊಲಿಗೆ ಯಂತ್ರದಲ್ಲಿ ಡ್ಯಾಶ್‌ಬೋರ್ಡಿನ ಎರಡು ಗೆರೆ ಹೊಲಿಗೆ ಹಾಕಬಹುದೇ?

1 ಮಿಲಿಮೀಟರ್ ರೆಕ್ಸಿನ್ನಿನ ಎರಡು ಪದರವನ್ನು ಒಳ್ಳೆಯ ಮನೆಯ ಯಂತ್ರ ದಾಟಿಸುತ್ತದೆ, ಮೂರಕ್ಕೆ ತಿಣುಕುತ್ತದೆ. ಅದಕ್ಕೇ ತುಂಡುಗಳನ್ನು ಮುಖಕ್ಕೆ ಮುಖ ಸೇರಿಸಿ ಅಂಚಿನಿಂದ 10–12 ಮಿಲಿಮೀಟರ್ ಒಳಗೆ ಹೊಲಿದು, ಹಿಂದಿನ ಅಂಚುಗಳನ್ನು ಎಡಕ್ಕೊಂದು ಬಲಕ್ಕೊಂದು ಬಿಡಿಸಿ ಅಂಟಿಸಿಕೊಳ್ಳಿ. ಈಗ ಮೇಲಿನಿಂದ ಜೋಡಿನ ಎರಡೂ ಕಡೆ 4–5 ಮಿಲಿಮೀಟರ್ ದೂರದಲ್ಲಿ ಹಾಕುವ ಹೊಲಿಗೆ ಎರಡೇ ಪದರ ದಾಟುತ್ತದೆ. ಅಂಚುಗಳನ್ನು ಒಂದೇ ಕಡೆಗೆ ಮಡಚಿದರೆ ಮೂರಾಯಿತು.

ಸೂಜಿಯ ನಂಬರ್ 110/18. ದಾರ ಪಾಲಿಯೆಸ್ಟರ್, ದಪ್ಪದ ನಂಬರ್ ಟೆಕ್ಸ್ 70 ಆಸುಪಾಸು. ಹತ್ತಿ ದಾರ ಬಿಸಿಲಿಗೆ ಕೊಳೆಯುತ್ತದೆ, ನೈಲಾನ್ ಕೂಡ ಬಿಸಿಲಿಗೆ ಪಾಲಿಯೆಸ್ಟರಿನಷ್ಟು ಬಾಳದು. ಹೊಲಿಗೆಯ ಉದ್ದ 4 ಮಿಲಿಮೀಟರಿಗೆ ಕಡಿಮೆ ಬೇಡ, ಒತ್ತೊತ್ತಾಗಿ ಹೊಲಿದರೆ ರೆಕ್ಸಿನ್ ಅಂಚೆ ಚೀಟಿಯ ಹಾಳೆಯಂತೆ ತೂತಿನ ಗೆರೆಯುದ್ದಕ್ಕೂ ಹರಿಯುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ಪಾದ ರೆಕ್ಸಿನ್ ಮೇಲೆ ಅಂಟಿಕೊಂಡು ನಿಲ್ಲುತ್ತದೆ, ಟೆಫ್ಲಾನ್ ಪಾದ ಹಾಕಿ. ಮೋಟಾರಿನ ಬದಲು ಚಕ್ರವನ್ನು ಕೈಯಲ್ಲಿ ತಿರುಗಿಸಿ. ತಪ್ಪಿದ ಹೊಲಿಗೆ ಬಿಚ್ಚಬಹುದು, ತೂತು ಮುಚ್ಚಲಾಗದು.

ಹೊಲಿದದ್ದಕ್ಕಿಂತ ಕೂರಿಸುವುದು ಕಷ್ಟ. ಹೊಲಿಗೆಯ ಗೆರೆ ಡ್ಯಾಶ್‌ಬೋರ್ಡಿನ ಮುಂದಿನ ಅಂಚಿನಿಂದ ಎಷ್ಟು ದೂರ ಎಂದು ಐದು ಕಡೆ ಅಳೆದು ಪ್ಲಾಸ್ಟಿಕ್ ಮೇಲೆ ಗುರುತು ಹಾಕಿ, ಅಂಟಿಸುವುದನ್ನು ಆ ಗೆರೆಯಿಂದಲೇ ಆರಂಭಿಸಿ. ಚಾಲಕನ ಕಣ್ಣೆದುರೇ ಇರುವ ಗೆರೆ ಅದು, 3 ಮಿಲಿಮೀಟರ್ ಸೊಟ್ಟಗಿದ್ದರೂ ಕಾರು ಇರುವಷ್ಟು ದಿನವೂ ಕಾಣುತ್ತದೆ.

ತುಂಡಿನ ಆಕಾರ ತೆಗೆಯಲು ಆ ಭಾಗಕ್ಕೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ, ಮೇಲೆ ಪೆನ್ನಿನಲ್ಲಿ ಹೊಲಿಗೆಯ ಗೆರೆಯನ್ನೂ ಅಡ್ಡಕ್ಕೆ ಹತ್ತಾರು ಗುರುತುಗಳನ್ನೂ ಹಾಕಿ, ಒಟ್ಟಿಗೆ ಕಿತ್ತು ಕಾಗದದ ಮೇಲೆ ಹರಡಿ. ಅಡ್ಡ ಗುರುತುಗಳೇ ಆಮೇಲೆ ಎರಡು ತುಂಡನ್ನು ಹೊಂದಿಸುವ ಕೈಮರ.

ಪ್ರಶ್ನೆ: ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟು ಅಂಚುಗಳು ಮೇಲಕ್ಕೆ ಸುರುಳಿಯಾಗಿವೆ. ಅದರ ಮೇಲೇ ಹೊದಿಸಿದರೆ ಮುಚ್ಚಿಹೋಗುವುದಿಲ್ಲವೇ?

ಮುಚ್ಚಿಹೋಗದು. ಉಗುರಿಗೆ ಸಿಕ್ಕುವ ಯಾವುದೇ ಏರು ರೆಕ್ಸಿನ್ ಮೇಲೆ ಕಣ್ಣಿಗೂ ಸಿಕ್ಕುತ್ತದೆ. ಸುರುಳಿಯೆದ್ದ ಚರ್ಮವನ್ನು ಬಿರುಕಿನ ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಕೊಯ್ದು ತೆಗೆಯಿರಿ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಒಳಗಿನ ಫೋಮನ್ನು ವಿ ಆಕಾರಕ್ಕೆ ಕೆತ್ತಿ, ಬಾಗುವ ಗುಣವಿರುವ ಎರಡು ಭಾಗದ ಎಪಾಕ್ಸಿ ಫಿಲ್ಲರ್ ತುಂಬಿ. ಕಾರಿನ ತಗಡಿಗೆ ಹಾಕುವ ಮಾಮೂಲಿ ಪುಟ್ಟಿ ಬೇಡ. ಕೆಳಗಿನ ಫೋಮ್ ಬಾಗುತ್ತದೆ, ಪುಟ್ಟಿ ಬಾಗದು, ಮತ್ತೆ ಅಲ್ಲೇ ಸೀಳು. ಗಟ್ಟಿಯಾದ ಮೇಲೆ 120 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಆಮೇಲೆ 180, 240. ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿ, ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ.

ಪ್ರಶ್ನೆ: ಎಲ್ಲ ಮುಗಿಸಿ ಜೋಡಿಸಿದರೆ ಗ್ಲವ್ ಬಾಕ್ಸ್ ಮುಚ್ಚುವುದಿಲ್ಲ. ಓಡಿಸುವಾಗ ಕಿರ್ ಕಿರ್ ಸದ್ದು ಬೇರೆ.

ಎರಡು ತುಂಡಿನ ನಡುವಿನ ಸಂದಿ ಇರುವುದೇ 2–3 ಮಿಲಿಮೀಟರ್. ಎರಡೂ ಕಡೆ ಒಂದೊಂದು ಮಿಲಿಮೀಟರ್ ರೆಕ್ಸಿನ್ ಬಂದರೆ ಸಂದಿ ಮುಗಿಯಿತು, ಫೋಮ್ ಬೆನ್ನಿನದಾದರೆ ಮುಚ್ಚಳ ಹೊರಗೇ ನಿಲ್ಲುತ್ತದೆ. ಎದುರುಬದುರು ಅಂಚುಗಳಲ್ಲಿ ಒಂದಕ್ಕೆ ಮಾತ್ರ ಹೊದಿಕೆ ಮಡಚಿ. ಎರಡಕ್ಕೂ ಬೇಕೇ ಬೇಕೆಂದರೆ ಹೊದಿಸುವ ಮೊದಲೇ ಪ್ಲಾಸ್ಟಿಕ್ ಅಂಚನ್ನು ಅರದಿಂದ 1 ಮಿಲಿಮೀಟರ್ ತೆಗೆಯಬೇಕು. ಈಗ ನಿಮಗೆ ಉಳಿದದ್ದು ಮುಚ್ಚಳದ ಹಿಂಜ್, ಬೀಗದ ಕೊಂಡಿಯನ್ನು ಹೊಂದಿಸಿ ನೋಡುವುದು.

ಸದ್ದು ರೆಕ್ಸಿನ್ ಪ್ಲಾಸ್ಟಿಕ್‌ಗೆ ಉಜ್ಜುವುದರಿಂದ. ವೈರಿಂಗಿಗೆ ಸುತ್ತುವ ಮೆತ್ತನೆಯ ಬಟ್ಟೆ ಟೇಪನ್ನು ಉಜ್ಜುವ ಕಡೆ ಅಂಟಿಸಿ. ಮುರಿದ ಕ್ಲಿಪ್ಪುಗಳನ್ನೂ ಎಣಿಸಿ, ಹತ್ತರಲ್ಲಿ ಎರಡು ಕಡಿಮೆಯಾದರೂ ಪ್ಯಾಡ್ ನಡುಗುತ್ತದೆ.

ಡೋರ್ ಪ್ಯಾಡಿನ ನಡುತುಂಡು ಹಿಂಬದಿಯಲ್ಲಿ ಕರಗಿಸಿ ಚಪ್ಪಟೆ ಮಾಡಿದ ಪ್ಲಾಸ್ಟಿಕ್ ಮೊಳೆಗಳಿಂದ ನಿಂತಿರುತ್ತದೆ. ಆ ಮೊಳೆಗಳ ತಲೆಯನ್ನಷ್ಟೇ ತೆಳ್ಳಗೆ ಸವರಿ ತೆಗೆದು ಕಾಂಡ ಉಳಿಸಿಕೊಳ್ಳಿ. ಮತ್ತೆ ಕೂರಿಸುವಾಗ ಕಾಂಡಕ್ಕೆ ಸಣ್ಣ ತೂತು ಕೊರೆದು, ಅಗಲ ವಾಷರ್ ಜೊತೆ ಗಿಡ್ಡ ಸ್ಕ್ರೂ ಹಾಕಬಹುದು. ಸ್ಕ್ರೂ ಉದ್ದವಾದರೆ ಮುಂದಿನ ರೆಕ್ಸಿನ್ ತೂತಾಗುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ರೂಫಿನ ಬಟ್ಟೆ ಜೋತುಬಿದ್ದು ತಲೆಗೆ ತಾಗುತ್ತಿದೆ. ಅಂಟು ಸ್ಪ್ರೇ ಮಾಡಿ ಒತ್ತಿದರೂ ಎರಡು ದಿನಕ್ಕೆ ಬೀಳುತ್ತದೆ.

ಬಿದ್ದಿರುವುದು ಅಂಟಲ್ಲ, ಫೋಮ್. ಬಟ್ಟೆಯ ಬೆನ್ನಿಗಿರುವ ತೆಳು ಫೋಮ್ ಬಿಸಿಲು, ತೇವಕ್ಕೆ ಪುಡಿಯಾಗಿದೆ. ನೀವು ಅಂಟಿಸಿದ್ದು ಪುಡಿಯನ್ನು ಪುಡಿಗೆ. ಬಟ್ಟೆ ಅಂಟಿರುವ ರೂಫಿನ ಹಲಗೆಯನ್ನು ಹೊರತೆಗೆಯದೆ ಇದು ಸರಿಹೋಗದು.

ಸನ್ ವೈಸರ್, ಹಿಡಿಕೆಗಳು, ದೀಪ, ಕಂಬಗಳ ಪ್ಲಾಸ್ಟಿಕ್ ಬಿಚ್ಚಿ, ಸೀಟು ಒರಗಿಸಿ, ಇಬ್ಬರು ಸೇರಿ ಹಲಗೆಯನ್ನು ಹಿಂಬಾಗಿಲಿನಿಂದ ಹೊರತನ್ನಿ. ಒಬ್ಬರೇ ಎಳೆದರೆ ನಡುವೆ ಮುರಿಯುತ್ತದೆ. ಬಟ್ಟೆ ಕಿತ್ತು, ಉಳಿದ ಫೋಮನ್ನು ನೈಲಾನ್ ಬ್ರಶ್ಶಿನಿಂದ ಕೊನೆಯ ಕಣದ ತನಕ ಉಜ್ಜಿ. ತಂತಿ ಬ್ರಶ್ ಹಲಗೆಯನ್ನೇ ಕೆತ್ತುತ್ತದೆ. ಬಟ್ಟೆ ಅಂಟಿಸಲು ಅರ್ಧ ಗಂಟೆ ಸಾಕು, ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಹೊಸ ಬಟ್ಟೆ 3 ಮಿಲಿಮೀಟರ್ ಫೋಮ್ ಬೆನ್ನಿನದು, ಸಣ್ಣ ಕಾರಿಗೆ 2 ಮೀಟರ್. ಅರ್ಧ ಬಟ್ಟೆಯನ್ನು ಹಿಂದಕ್ಕೆ ಮಡಚಿ, ಎರಡೂ ಮೈಗೆ ಅಂಟು ಹೊಡೆದು, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ ಕೂರಿಸಿ, ಆಮೇಲೆ ಇನ್ನರ್ಧ. ತಗ್ಗುಗಳಲ್ಲಿ ಎಳೆಯದೆ ಇಳಿಬಿಡಬೇಕೆಂದು ಡ್ಯಾಶ್‌ಬೋರ್ಡಿಗೆ ಹೇಳಿದ್ದೇ ಇಲ್ಲಿಗೂ ಸಲ್ಲುತ್ತದೆ.

ಪಕ್ಕದಲ್ಲಿ ಕರ್ಟನ್ ಏರ್‌ಬ್ಯಾಗ್, ಅಂದರೆ ಕಿಟಕಿಯ ಮೇಲಿಂದ ಪರದೆಯಂತೆ ಇಳಿಯುವ ಏರ್‌ಬ್ಯಾಗ್, ಇರುವ ಕಾರಿನಲ್ಲಿ ಬಟ್ಟೆಯನ್ನು ತಡೆಯಲು ಪಿನ್ನು, ಸ್ಕ್ರೂ ಚುಚ್ಚಲೇಬೇಡಿ. ಅಂಚಿನ ಹಲಗೆ ಅಲ್ಲಿ ಬಾಗಿ ದಾರಿ ಬಿಡಬೇಕು.

ಪ್ರಶ್ನೆ: ಬಟನ್‌ಗಳ ಸುತ್ತಲಿನ ಕಪ್ಪು ಪಟ್ಟಿ ಜಿಗಿಜಿಗಿಯಾಗಿ ಬೆರಳಿಗೆ ಮೆತ್ತಿಕೊಳ್ಳುತ್ತಿದೆ. ಅದರ ಮೇಲೆ ಹೊದಿಸಬಹುದೇ?

ಅದು ರಬ್ಬರಿನಂತೆ ಮೆತ್ತಗಿರಲೆಂದು ಹೊಡೆದ ಬಣ್ಣ, ತೇವಕ್ಕೆ ಕೊಳೆತಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಉಜ್ಜಿದರೆ ಪೂರ್ತಿ ಬರುತ್ತದೆ, ಕೆಳಗೆ ಕಪ್ಪು ಪ್ಲಾಸ್ಟಿಕ್ ಇರುತ್ತದೆ. ಬಟನ್ ಮೇಲಿನ ಚಿತ್ರಗಳೂ ಅಳಿಸಿಹೋಗಬಹುದು, ಅವನ್ನು ಬಿಟ್ಟು ಉಜ್ಜಿ. ಇಂಥ ಸಣ್ಣ ಪಟ್ಟಿಗೆ ರೆಕ್ಸಿನ್ ದಪ್ಪ. ಕಾರಿನ ಹೊರಮೈಗೆ ಅಂಟಿಸುವ 0.1 ಮಿಲಿಮೀಟರಿನ ಫಿಲ್ಮ್ ಒಪ್ಪುತ್ತದೆ.

ಪ್ರಶ್ನೆ: ಮೇಲ್ಭಾಗಕ್ಕೆ ಬಿಳಿ ಅಥವಾ ತಿಳಿ ಕಂದು ಬಣ್ಣ ಹೇಗೆ?

ಮುಂಗಾಜಿನಲ್ಲಿ ಅದೇ ಪ್ರತಿಫಲಿಸಿ ರಸ್ತೆಯ ಮೇಲೆ ತೆರೆ ಎಳೆದಂತಾಗುತ್ತದೆ. ಗಾಜಿನ ಕೆಳಗೆ ಗಾಢ ಬಣ್ಣ, ಹೊಳಪಿಲ್ಲದ ಮೈ. ತಿಳಿ ಬಣ್ಣದ ಆಸೆಯನ್ನು ಕೆಳಭಾಗದಲ್ಲಿ, ಬಾಗಿಲುಗಳಲ್ಲಿ ತೀರಿಸಿಕೊಳ್ಳಿ. ಆಟೋಮ್ಯಾಟಿಕ್ ಎಸಿ ಇರುವ ಕಾರಿನಲ್ಲಿ ಗಾಜಿನ ಬುಡದಲ್ಲಿ ಗುಂಡಿಯಂಥ ಬಿಸಿಲಿನ ಸೆನ್ಸರ್ ಇದ್ದರೆ ಅದನ್ನೂ ಮುಚ್ಚಬೇಡಿ.

ಪ್ರಶ್ನೆ: ಹೇರ್ ಡ್ರೈಯರ್ ಸಾಕೇ, ಹೀಟ್ ಗನ್ನೇ ಬೇಕೇ?

ತೆಳು ಫಿಲ್ಮಿಗೆ, ಚಪ್ಪಟೆ ತುಂಡಿಗೆ ಡ್ರೈಯರ್ ಸಾಕು. ಮೂಲೆಗಳಿಗೆ ಗನ್ ಬೇಕು, 15–20 ಸೆಂಟಿಮೀಟರ್ ದೂರದಲ್ಲಿ, ಒಂದೇ ಕಡೆ ನಿಲ್ಲಿಸದೆ. ರೆಕ್ಸಿನ್ನಿನ ಮೇಲಿನ ಚರ್ಮದಂಥ ಗೆರೆಗಳು ಮಾಸಿ ಹೊಳೆಯಲು ಶುರುವಾದರೆ ಸುಟ್ಟಿತೆಂದೇ ಲೆಕ್ಕ, ಆ ಗೆರೆಗಳು ಹಿಂದಿರುಗುವುದಿಲ್ಲ.

ಪ್ರಶ್ನೆ: ಮುಗಿದ ಮೇಲೆ ಎಷ್ಟು ದಿನ ಕಾರನ್ನು ಬಿಸಿಲಿಗೆ ಇಡಬಾರದು?

ಹೊದಿಸಿದ ತುಂಡುಗಳನ್ನು 24 ಗಂಟೆ ಹೊರಗೇ ಇಟ್ಟು ಆಮೇಲೆ ಜೋಡಿಸಿ. ನಂತರ ಮೂರು ದಿನ ನೆರಳು. ಮೊದಲ ಸಲ ಚೆನ್ನಾಗಿ ಬಿಸಿಲು ಬಿದ್ದ ಸಂಜೆ ಗಾಜಿನ ಬುಡದ ಅಂಚನ್ನೂ ಎಸಿ ಕಿಂಡಿಗಳ ಸುತ್ತಲನ್ನೂ ಬೆರಳಾಡಿಸಿ ನೋಡಿ. ಉಗುರಿನಷ್ಟು ಎದ್ದಿದ್ದರೆ ಅಂದೇ ಎತ್ತಿ, ಕಡ್ಡಿಯಿಂದ ಎರಡೂ ಮೈಗೆ ಹೊಸ ಅಂಟು ಸವರಿ, ಹದಕ್ಕೆ ಕಾದು ಒತ್ತಿ. ವಾರ ಬಿಟ್ಟರೆ ಒಳಗೆ ಧೂಳು ಸೇರಿರುತ್ತದೆ.